ಎರಡು ದೋಣಿಯ ಚಾರ್ಲಿ ವಾರ್ಡ್

ಈಗಷ್ಟೇ ಬ್ಯಾಸ್ಕೆಟ್‌ಬಾಲ್ ಕೋರ್ಟ್‌ನಿಂದ ಬಂದೆ, ಮೈಯೆಲ್ಲ ಉರಿಯುತ್ತಿದೆ. ಒಬ್ಬ ಕೋಚ್ ಹತ್ತು-ಹನ್ನೊಂದು ವರ್ಷದ ಹುಡುಗಿಗೆ ಎಲ್ಲರೆದುರು ಬೈಯುತ್ತಿದ್ದರು. ಅವಳ ತಪ್ಪೇನು? ಶಾಲೆಯ ಖೋ ಖೋ ತಂಡಕ್ಕೆ ಹೆಸರು ಕೊಟ್ಟಿದ್ದು. "ಎರಡು ದೋಣಿ ಮೇಲೆ ಕಾಲಿಟ್ರೆ ಮುಳುಗ್ತೀಯ ನೋಡು!" ಅಮ್ಮ ಬೇರೆ ಪಕ್ಕದಲ್ಲೇ ನಿಂತು "ಹೌದು ಸಾರ್, ನೀವೇ ಸ್ವಲ್ಪ ಬುದ್ಧಿ ಹೇಳಿ ಸಾರ್" ಅನ್ನುತ್ತಿದ್ದರು. ನನ್ನ ಬಾಯಿ ಎಂಥದ್ದು ಅಂತ ನಿಮಗೆ ಗೊತ್ತು. ಅಲ್ಲಿ ಹೇಗೋ ಮುಚ್ಚಿಕೊಂಡಿದ್ದೆ. ಇಲ್ಲಿ ಆಗಲ್ಲ.

ನ್ಯೂಯಾರ್ಕ್‌ನ ಬ್ಯಾಸ್ಕೆಟ್‌ಬಾಲ್ ತಂಡ ನಿಕ್ಸ್‌ನ ತೊಂಬತ್ತರ ದಶಕದ ಬಗ್ಗೆ ನಾನು ಕೊರೆಯುವುದನ್ನು ಕೇಳಿ ಸುಸ್ತಾದವರಿಗೆ ಚಾರ್ಲಿ ವಾರ್ಡ್ ಹೆಸರು ನೆನಪಿರುತ್ತದೆ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಹುಡುಗ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. 1993ರಲ್ಲಿ ಹೈಸ್‌ಮನ್ ಟ್ರೋಫಿ ಗೆದ್ದ. ಅಂದರೆ ಇಡೀ ದೇಶದ ಕಾಲೇಜು ಫುಟ್‌ಬಾಲ್‌ನಲ್ಲಿ ಆ ವರ್ಷ ಅವನೇ ನಂಬರ್ ಒನ್. 1994ರ ಜನವರಿ 1ರಂದು ನೆಬ್ರಾಸ್ಕಾ ವಿರುದ್ಧ 18-16ರಲ್ಲಿ ಗೆದ್ದು ಫ್ಲಾರಿಡಾ ಸ್ಟೇಟ್‌ಗೆ ಮೊದಲ ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದ. ಆಮೇಲೆ? ಹೆಲ್ಮೆಟ್ ಬಿಚ್ಚಿಟ್ಟು ಅದೇ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹೋದ! ಕಾಲೇಜಲ್ಲಿ ಬೇಸ್‌ಬಾಲ್ ಆಡದಿದ್ದರೂ ವೃತ್ತಿಪರ ಬೇಸ್‌ಬಾಲ್ ತಂಡಗಳಾದ ಬ್ರೂವರ್ಸ್ ಒಮ್ಮೆ, ಯಾಂಕೀಸ್ ಒಮ್ಮೆ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಪದ್ಧತಿ) ಅವನನ್ನು ಆರಿಸಿಕೊಂಡವು. ಎಷ್ಟು ದೋಣಿ ಆಯ್ತು, ಕೋಚ್ ಸಾರ್?

ಫುಟ್‌ಬಾಲ್ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆರಿಸದಿದ್ದರೆ ಬೇರೆ ದಾರಿ ನೋಡಿಕೊಳ್ಳುತ್ತೇನೆ ಅಂತ ಅವನು ಮೊದಲೇ ಹೇಳಿದ್ದ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನವರಿಗೆ ಇವನು ನಮ್ಮವನೋ, ಬ್ಯಾಸ್ಕೆಟ್‌ಬಾಲ್‌ನವನೋ ಅನ್ನುವ ಅನುಮಾನ. ಜೊತೆಗೆ ಆರಡಿ ಎರಡಂಗುಲ ಕ್ವಾರ್ಟರ್‌ಬ್ಯಾಕ್‌ಗೆ ಗಿಡ್ಡ ಅನ್ನುವ ಗೊಣಗಾಟ ಬೇರೆ. ಏಳು ಸುತ್ತು ಮುಗಿದರೂ ಒಂದು ತಂಡವೂ ಕರೆಯಲಿಲ್ಲ. ಹೈಸ್‌ಮನ್ ಗೆದ್ದವನನ್ನು! ಅದೇ ವರ್ಷ ಬ್ಯಾಸ್ಕೆಟ್‌ಬಾಲ್ ಡ್ರಾಫ್ಟ್‌ನಲ್ಲಿ ನ್ಯೂಯಾರ್ಕ್ ನಿಕ್ಸ್ 26ನೆಯವನಾಗಿ ಆರಿಸಿಕೊಂಡಿತು. ಗಿಡ್ಡ ಅನ್ನಿಸಿಕೊಂಡವನು ಏಳಡಿ ಆಳುಗಳ ಆಟಕ್ಕೆ ಹೋಗಿ 11 ಸೀಸನ್ ಆಡಿದ.

ಸರಿ, ದೊಡ್ಡ ಸ್ಟಾರ್ ಆಗಲಿಲ್ಲ. ಪಂದ್ಯಕ್ಕೆ ಸರಾಸರಿ ಆರು ಚಿಲ್ಲರೆ ಪಾಯಿಂಟ್, ನಾಲ್ಕು ಅಸಿಸ್ಟ್ (ಜೊತೆಗಾರ ಪಾಯಿಂಟ್ ಗಳಿಸುವಂತೆ ಕೊಟ್ಟ ಪಾಸ್). "ನೋಡಿದ್ರಾ, ಒಂದನ್ನೇ ಹಿಡಿದಿದ್ರೆ ಇನ್ನೂ ಮೇಲೆ ಹೋಗ್ತಿದ್ದ" ಅಂತ ಯಾರಾದರೂ ಬರುತ್ತೀರಿ. ಬನ್ನಿ. ಅವನ ಹಳೆಯ ವಿಡಿಯೋ ಒಂದಾದರೂ ನೋಡಿಕೊಂಡು ಬನ್ನಿ. ಡ್ರಿಬಲ್ ಮಾಡುತ್ತಾ ತಲೆ ಎತ್ತಿಯೇ ಇರುತ್ತಾನೆ. ಜೊತೆಗಾರ ಈಗ ನಿಂತಿರುವ ಕಡೆಗಲ್ಲ, ಇನ್ನೊಂದು ಗಳಿಗೆಗೆ ಎಲ್ಲಿಗೆ ಓಡಿ ಬರುತ್ತಾನೋ ಅಲ್ಲಿಗೆ ಚೆಂಡು ಹೋಗುತ್ತದೆ. ಫುಟ್‌ಬಾಲ್‌ನಲ್ಲಿ ಮೈಮೇಲೆ ಬೀಳಲು ಬರುವ ಎದುರಾಳಿಗಳ ನಡುವೆ ನಿಂತು ಎಸೆದು ಎಸೆದು ಬಂದ ಕಣ್ಣು ಅದು. ಫುಟ್‌ಬಾಲ್ ಅಭ್ಯಾಸ ಒಮ್ಮೊಮ್ಮೆ ಜಾಸ್ತಿಯೂ ಆಗುತ್ತಿತ್ತು ಅನ್ನಿ. 1997ರಲ್ಲಿ ಮಯಾಮಿ ವಿರುದ್ಧ ಆ ತಂಡದ ಪಿ.ಜೆ. ಬ್ರೌನ್ ಕಾಲ ಬುಡಕ್ಕೇ ನುಗ್ಗಿದ. ಬ್ರೌನ್ ಅವನನ್ನು ಅನಾಮತ್ತು ಎತ್ತಿ ಹಿಂದಕ್ಕೆ ಒಗೆದ. ಗಲಾಟೆ, ಅಮಾನತು, 3-1 ಮುಂದಿದ್ದ ನಿಕ್ಸ್ ಸರಣಿಯನ್ನೇ ಕಳೆದುಕೊಂಡಿತು. ನನಗೆ ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

1999ರಲ್ಲಿ ಎಂಟನೇ ಶ್ರೇಯಾಂಕದ ನಿಕ್ಸ್ ಫೈನಲ್‌ಗೆ ಬಂತು. ಆಟ ಕಟ್ಟುವ ಪಾಯಿಂಟ್ ಗಾರ್ಡ್ ಯಾರು? ಇದೇ ವಾರ್ಡ್. ಸ್ಪರ್ಸ್ ಎದುರು 4-1ರಲ್ಲಿ ಸೋತರು. ಸೋಲಿಸಿದ್ದು ಯಾರು ಗೊತ್ತಾ? ಟಿಮ್ ಡಂಕನ್. ಚಿಕ್ಕಂದಿನಲ್ಲಿ ಒಲಿಂಪಿಕ್ಸ್ ಕನಸು ಕಂಡಿದ್ದ ಈಜುಗಾರ! 1989ರ ಹ್ಯೂಗೋ ಚಂಡಮಾರುತ ಸೇಂಟ್ ಕ್ರಾಯ್ ದ್ವೀಪದ ಈಜುಕೊಳ ಹಾಳು ಮಾಡಿದ ಮೇಲೆ ಬ್ಯಾಸ್ಕೆಟ್‌ಬಾಲ್ ಹಿಡಿದವನು. ಐದು ವರ್ಷಕ್ಕೇ ಒಂದು ಆಟಕ್ಕೆ ಕಟ್ಟಿಹಾಕಿದ ಮಕ್ಕಳು ಆ ಫೈನಲ್‌ನಲ್ಲಿ ಎಲ್ಲಿದ್ದರೋ ಕಾಣೆ.

ವೃತ್ತಿ ಮುಗಿದ ಮೇಲೂ ವಾರ್ಡ್ ಬದಲಾಗಲಿಲ್ಲ. ಹೈಸ್ಕೂಲ್ ಮಕ್ಕಳಿಗೆ ಫುಟ್‌ಬಾಲೂ ಕಲಿಸಿದ, ಬ್ಯಾಸ್ಕೆಟ್‌ಬಾಲೂ ಕಲಿಸಿದ.

ಕಾಮೆಂಟ್‌ನಲ್ಲಿ "ಸಚಿನ್ ತೆಂಡೂಲ್ಕರ್ ನೋಡಿ ಕಲಿಯಿರಿ" ಅಂತ ಬರೆಯುವವರು ಸ್ವಲ್ಪ ತಡೆಯಿರಿ. ಅವರೂ ಚಿಕ್ಕಂದಿನಲ್ಲಿ ತಲೆಗೆ ಬ್ಯಾಂಡ್ ಕಟ್ಟಿಕೊಂಡು ಟೆನಿಸ್ ಆಟಗಾರ ಮೆಕೆನ್ರೋ ಆಗಲು ಹೊರಟಿದ್ದವರೇ.