ನಮ್ಮ ಎಂಪಿ ಯಾವ ಕಮಿಟಿಯಲ್ಲಿದ್ದಾರೆ?

ಪಾರ್ಲಿಮೆಂಟ್ ಅಧಿವೇಶನ ಶುರುವಾದರೆ ಸಾಕು, ನಮ್ಮ ಕಡೆಯ ವಾಟ್ಸಾಪ್ ಗ್ರೂಪುಗಳಿಗೆ ಜೀವ ಬರುತ್ತದೆ. ಯಾರು ಸದನದ ಬಾವಿಗಿಳಿದರು, ಯಾರು ಕಾಗದ ಹರಿದು ಎಸೆದರು, ಯಾರು ಯಾರ ಬೆವರಿಳಿಸಿದರು. ಬೆಳಗಿಂದ ರಾತ್ರಿವರೆಗೆ ಅದೇ ವಿಡಿಯೋಗಳು. ನೋಡಿ ನೋಡಿ ನನಗೆ ಸಾಕಾಗಿದೆ. ನಾನು ಕೇಳುವುದು ಇಷ್ಟೇ: ನಾವು ಓಟು ಹಾಕಿ ಕಳಿಸಿದವರು ಯಾವ ಸ್ಥಾಯಿ ಸಮಿತಿಯಲ್ಲಿ ಕೂತಿದ್ದಾರೆ? ಅದರ ಸಭೆಗಳಿಗೆ ಹೋಗಿದ್ದಾರಾ?

ಮೊನ್ನೆ ಸೊಸೈಟಿ ಜಗಲಿಯಲ್ಲಿ ಕೂತವರನ್ನು ಇದನ್ನೇ ಕೇಳಿದೆ. ಶಿವಮೊಗ್ಗ ಏರ್‌ಪೋರ್ಟ್ ಉದ್ಘಾಟನೆ ಯಾವಾಗ ಆಯ್ತು, ಸಿಗಂದೂರು ಸೇತುವೆ ಎಷ್ಟು ಉದ್ದ, ಯಾವ ರೈಲು ಎಲ್ಲಿ ನಿಲ್ಲಬೇಕು, ಎಲ್ಲವೂ ಬಾಯಿಪಾಠ. ಸಮಿತಿ ವಿಷಯ ಬಂದ ಕೂಡಲೇ ಹಿರಿಯರೊಬ್ಬರು ಕವಳ ಉಗಿದು ಬಂದು ಹೇಳಿದರು: "ಕಮಿಟಿ ಎಂತದ್ದು ಮಾರಾಯ್ರೇ, ಅದೆಲ್ಲ ಟಿಎ ಡಿಎಗೆ ಮಾಡಿದ್ದು."

ಅವರನ್ನು ದೂರಿ ಪ್ರಯೋಜನವಿಲ್ಲ. ಮಲೆನಾಡಿನಲ್ಲಿ ಕಮಿಟಿ ಅಂದರೆ ನೆನಪಾಗುವುದು ಎರಡೇ ಹೆಸರು. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಬಂದ 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿ. ಅದರ ಮೇಲೆ ಕರಡು ಅಧಿಸೂಚನೆ ಬರುತ್ತಲೇ ಇದೆ, 2024ರ ಜುಲೈ ಕೊನೆಗೆ ಬಂದದ್ದು ಆರನೆಯದು. ಆದರೆ ಅವೆರಡೂ ಸರ್ಕಾರವೇ ನೇಮಿಸಿದ ತಜ್ಞರ ತಂಡಗಳು. ನಾನು ಹೇಳುತ್ತಿರುವುದು ಸರ್ಕಾರವನ್ನೇ ಕೂರಿಸಿ ಪ್ರಶ್ನೆ ಕೇಳುವ ಸಮಿತಿಗಳ ಬಗ್ಗೆ.

ಇವು ಹೊಸದೇನಲ್ಲ. ಲೆಕ್ಕಪತ್ರ ಸಮಿತಿ ಬ್ರಿಟಿಷರ ಕಾಲದ್ದು, 1921ರಿಂದ ಇದೆ. 1967ರಿಂದ ಅದರ ಅಧ್ಯಕ್ಷರು ವಿರೋಧ ಪಕ್ಷದವರು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಅದರ ಮುಂದೆ ಬರುತ್ತದೆ, ಖರ್ಚಾಗಿ ಹೋದ ದುಡ್ಡಿನ ಲೆಕ್ಕ ಕೇಳುವುದು ಅದರ ಕೆಲಸ. ಇಲಾಖೆವಾರು ಸ್ಥಾಯಿ ಸಮಿತಿಗಳು ಆಮೇಲೆ ಬಂದವು. 1993ರಲ್ಲಿ 17 ಇದ್ದವು, 2004ರಲ್ಲಿ 24 ಆದವು. ಒಂದೊಂದರಲ್ಲಿ 31 ಜನ, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಮಂತ್ರಿಗಳು ಸದಸ್ಯರಾಗುವ ಹಾಗಿಲ್ಲ.

ಬಜೆಟ್ ಉದಾಹರಣೆ ತಗೊಳ್ಳಿ. ಫೆಬ್ರವರಿ 1ಕ್ಕೆ ಮಂಡನೆಯಾಗುತ್ತದೆ, ಟಿವಿಯವರು ಯಾವುದು ಅಗ್ಗ ಯಾವುದು ತುಟ್ಟಿ ಅಂತ ಹೇಳಿ ಮುಗಿಸುತ್ತಾರೆ. ಆಮೇಲೆ ಸದನಕ್ಕೆ ಕೆಲವು ವಾರ ಬಿಡುವು. ಆ ಬಿಡುವಿನಲ್ಲೇ ಒಂದೊಂದು ಸಮಿತಿಯೂ ತನ್ನ ಪಾಲಿನ ಇಲಾಖೆಗಳ ಅನುದಾನ ಬೇಡಿಕೆಯನ್ನು, ಅಂದರೆ ಇಷ್ಟು ದುಡ್ಡು ಬೇಕು ಎಂಬ ಪಟ್ಟಿಯನ್ನು, ಬಿಡಿಸಿ ನೋಡುತ್ತದೆ. ಹೋದ ವರ್ಷ ಎಷ್ಟು ಕೇಳಿದ್ರಿ, ಎಷ್ಟು ಸಿಕ್ಕಿತು, ಎಷ್ಟು ಖರ್ಚು ಮಾಡಿದ್ರಿ, ಉಳಿದದ್ದು ಯಾಕೆ ಉಳಿಯಿತು? ಸದನದಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿದೆ! 2023ರ ಮಾರ್ಚ್‌ನಲ್ಲಿ ಸುಮಾರು 45 ಲಕ್ಷ ಕೋಟಿ ರೂಪಾಯಿಯ ಬಜೆಟ್ಟಿನ ಬೇಡಿಕೆಗಳು ಲೋಕಸಭೆಯಲ್ಲಿ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ, ನಿಮಿಷಗಳಲ್ಲಿ ಪಾಸಾದವು. ನಮ್ಮ ಗ್ರಾಮಸಭೆಯಲ್ಲಿ ಒಂದು ಮೋರಿ ಕೆಲಸಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ವಾದ ಮಾಡುತ್ತೇವೆ. ಅಂಥ ವರ್ಷದಲ್ಲಿ ಆ ಅಂಕಿಗಳನ್ನು ಸಂಸದರು ಕಣ್ಣಿಟ್ಟು ನೋಡಿದ್ದು ಅಂತ ಇದ್ದರೆ ಸಮಿತಿಯ ಕೋಣೆಯಲ್ಲಿ ಮಾತ್ರ.

ಆ ಕೋಣೆಗೆ ಕ್ಯಾಮೆರಾ ಬರುವುದಿಲ್ಲ, ಪತ್ರಕರ್ತರಿಗೂ ಪ್ರವೇಶವಿಲ್ಲ. ಉತ್ತರ ಕೊಡಲು ಬರುವವರು ಇಲಾಖೆಯ ಕಾರ್ಯದರ್ಶಿ ಮತ್ತು ಅವರ ಹಿಂದೆ ಫೈಲು ಹಿಡಿದ ಅಧಿಕಾರಿಗಳ ಸಾಲು. ಮುಂಚೆಯೇ ಪ್ರಶ್ನೆಗಳ ಪಟ್ಟಿ ಹೋಗಿರುತ್ತದೆ, ಲಿಖಿತ ಉತ್ತರ ಬಂದಿರುತ್ತದೆ. ಬಾಯಲ್ಲಿ ಹೇಳಿದ್ದು ಸಾಲದಿದ್ದರೆ ಆಮೇಲೆ ಮತ್ತೆ ಬರವಣಿಗೆಯಲ್ಲಿ ಕೊಡಬೇಕು. ಸಾಮಾನ್ಯವಾಗಿ ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಆದೇಶ, ಇಲ್ಲಿಗೆ ಬರುವುದಿಲ್ಲ. ಹೊರಗೆ ಹಾವು ಮುಂಗುಸಿಯಂತೆ ಇರುವವರು ಒಳಗೆ ಒಟ್ಟಿಗೆ ಸೇರಿ ಅಧಿಕಾರಿಯನ್ನು ತರಾಟೆಗೆ ತಗೊಳ್ಳುವುದೂ ಉಂಟು.

"ಟಿಎ ಡಿಎ ಕಮಿಟಿ" ಅನ್ನುವವರಿಗೆ ನಾನು ತೋರಿಸುವುದು ಆರೋಗ್ಯ ಸಮಿತಿಯ 59ನೇ ವರದಿ. 2012ರ ಮೇ ತಿಂಗಳದ್ದು, ಔಷಧ ನಿಯಂತ್ರಣ ಸಂಸ್ಥೆಯ ಬಗ್ಗೆ. ಸಮಿತಿ 42 ಔಷಧಿಗಳನ್ನು ಆರಿಸಿ, ಇವಕ್ಕೆ ಹೇಗೆ ಅನುಮತಿ ಕೊಟ್ರಿ, ಫೈಲು ತನ್ನಿ ಅಂತ ಕೇಳಿತು. ಮೂರರ ಫೈಲೇ ಇಲ್ಲ! ನಾಪತ್ತೆ. ಪಹಣಿ ತಿದ್ದುಪಡಿಗೆ ಅಲೆದವರಿಗೆ ಈ ಉತ್ತರ ಎಲ್ಲೋ ಕೇಳಿದ ಹಾಗಿದೆ ಅನ್ನಿಸಬಹುದು. ಉಳಿದ ಫೈಲುಗಳಲ್ಲಿ ಕೆಲವು ಔಷಧಿಗಳಿಗೆ ನಮ್ಮ ದೇಶದ ರೋಗಿಗಳ ಮೇಲೆ ನಡೆಯಬೇಕಿದ್ದ ಪರೀಕ್ಷೆಯೇ ನಡೆದಿರಲಿಲ್ಲ. ಬೇರೆ ಬೇರೆ ಊರಿನ ತಜ್ಞರು ಬರೆದ ಶಿಫಾರಸು ಪತ್ರಗಳಲ್ಲಿ ಪದಕ್ಕೆ ಪದ ಒಂದೇ. ಬರೆದುಕೊಟ್ಟವರು ಔಷಧ ಕಂಪನಿಯವರೇ ಇರಬೇಕು ಎಂಬ ಸಂಶಯವನ್ನು ಸಮಿತಿ ಮುಚ್ಚಿಡಲಿಲ್ಲ. ಸದನದಲ್ಲಿ ಒಬ್ಬ ಸಂಸದ ಎದ್ದು ಇದೇ ಪ್ರಶ್ನೆ ಕೇಳಿದ್ದರೆ "ನಿಯಮಾನುಸಾರ ಕ್ರಮ ಕೈಗೊಳ್ಳಲಾಗುತ್ತಿದೆ" ಅಂತ ಒಂದು ಸಾಲಿನ ಉತ್ತರ ಬರುತ್ತಿತ್ತು. ಫೈಲು ತರಿಸಿ, ಪಕ್ಕ ಪಕ್ಕ ಇಟ್ಟು, ಓದಿದ್ದಕ್ಕೆ ಸಿಕ್ಕಿದ್ದು ಇದು.

ಬೆಂಗಳೂರಿನ ಸುತ್ತಲಿನ ಸರ್ಕಾರಿ ಜಮೀನು ಒತ್ತುವರಿ ಬಗ್ಗೆ ನಮ್ಮ ರಾಜ್ಯದ ವಿಧಾನಮಂಡಲದಲ್ಲಿ ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಮಾಡಿದ ಕೆಲಸವೂ ಇದೇ ಜಾತಿಯದ್ದು. ಇವತ್ತಿಗೂ ಒತ್ತುವರಿ ಮಾತು ಬಂದಾಗ ಜನ ಆ ವರದಿ ಎತ್ತುತ್ತಾರೆ.

ಹಾಗಂತ ಸರ್ಕಾರ ಇದನ್ನೆಲ್ಲ ಒಪ್ಪಲೇಬೇಕು ಅಂತಿಲ್ಲ. ಶಿಫಾರಸು ಶಿಫಾರಸು ಅಷ್ಟೇ. ಆದರೆ ಮೂರು ತಿಂಗಳೊಳಗೆ ಏನು ಕ್ರಮ ತಗೊಂಡ್ರಿ ಅಂತ ಇಲಾಖೆ ಬರೆದು ತಿಳಿಸಬೇಕು. ಅದರ ಮೇಲೆ ಸಮಿತಿ ಇನ್ನೊಂದು ವರದಿ ಮಾಡುತ್ತದೆ. ನಾನು ಎಲ್ಲರಿಗೂ ಹೇಳುವುದು ಆ ಎರಡನೇ ವರದಿಯನ್ನು ಓದಿ ಅಂತ, ಅದರಲ್ಲೂ ನಾಲ್ಕನೇ ಅಧ್ಯಾಯ. ಇಲಾಖೆ ಒಪ್ಪಿದ ಶಿಫಾರಸುಗಳು ಎರಡನೇ ಅಧ್ಯಾಯದಲ್ಲಿರುತ್ತವೆ. ಹೋಗಲಿ ಬಿಡಿ ಅಂತ ಸಮಿತಿಯೇ ಕೈಬಿಟ್ಟವು ಮೂರರಲ್ಲಿ. ಇಲಾಖೆಯ ಉತ್ತರವನ್ನು ಸಮಿತಿ ಒಪ್ಪದೆ ವಾಪಸ್ ತಳ್ಳಿದವು ನಾಲ್ಕರಲ್ಲಿ. ಜಗಳ ಎಲ್ಲಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಎಲ್ಲವೂ ಸಂಸತ್ತಿನ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ.

ಈಗ ನನ್ನ ತಕರಾರು.

ನಮ್ಮ ತಲೆಗೇ ಬಂದ ವಿಷಯ ಅಂದರೆ ಯಾವ ಜಮೀನಿಗೆ ಅರಣ್ಯ ಕಾನೂನು ಅನ್ವಯಿಸುತ್ತದೆ ಅಂತ ಗೆರೆ ಎಳೆಯುವ ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆ, 2023ರ ಮಾರ್ಚ್‌ನಲ್ಲಿ ಮಂಡನೆಯಾಯಿತು. ಕಾನು, ಸೊಪ್ಪಿನಬೆಟ್ಟ, ಡೀಮ್ಡ್ ಫಾರೆಸ್ಟ್ (ಅಧಿಸೂಚನೆ ಇಲ್ಲದಿದ್ದರೂ ಅರಣ್ಯ ಅಂತ ಪರಿಗಣಿಸಿದ ಜಾಗ), ಶರಾವತಿ ಮುಳುಗಡೆಯವರ ಹಕ್ಕುಪತ್ರ, ಇವೆಲ್ಲದರ ನಡುವೆ ಬದುಕುವ ನಮಗೆ "ಯಾವುದು ಅರಣ್ಯ" ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಯಾವುದಿದೆ? ಅಂಥ ಮಸೂದೆ ಹೋಗಬೇಕಿದ್ದದ್ದು ಪರಿಸರ ಮತ್ತು ಅರಣ್ಯ ನೋಡುವ ಸ್ಥಾಯಿ ಸಮಿತಿಗೆ. ಸರ್ಕಾರ ಅದನ್ನು ಆ ಮಸೂದೆಗೆಂದೇ ಮಾಡಿದ ಬೇರೆಯೇ ಜಂಟಿ ಸಮಿತಿಗೆ ಕಳಿಸಿತು. ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದ ಜೈರಾಮ್ ರಮೇಶ್ ಪ್ರತಿಭಟಿಸಿದರು. ಜುಲೈನಲ್ಲಿ ಜಂಟಿ ಸಮಿತಿಯ ವರದಿ ಬಂತು, ಮಸೂದೆಯಲ್ಲಿ ಒಂದು ಬದಲಾವಣೆಯನ್ನೂ ಸೂಚಿಸಿರಲಿಲ್ಲ. ಕೆಲವು ಸದಸ್ಯರು ಭಿನ್ನಮತದ ಟಿಪ್ಪಣಿ ಬರೆದರು. ಆಗಸ್ಟ್ ಮೊದಲ ವಾರದೊಳಗೆ ಎರಡೂ ಸದನದಲ್ಲಿ ಪಾಸ್. ಆಮೇಲೆ ಎಂದಿನಂತೆ ಸುಪ್ರೀಂ ಕೋರ್ಟು. ನೀವು ಆ ಮಸೂದೆಯ ಪರವೋ ವಿರೋಧವೋ, ಅದು ಬೇರೆ. ನಮ್ಮ ಕಡೆ ಎರಡೂ ಥರದವರಿದ್ದೇವೆ. ಆದರೆ ವರ್ಷವರ್ಷವೂ ಅದೇ ಇಲಾಖೆಯ ಫೈಲು ನೋಡುವವರ ಕೈ ತಪ್ಪಿಸಿ ಬೇರೆ ದಾರಿಯಲ್ಲಿ ಸಾಗಿಸಿದ್ದನ್ನು ನಾನಂತೂ ಒಪ್ಪುವುದಿಲ್ಲ.

ಇಲ್ಲಿ ಜಂಟಿ ಸಮಿತಿಯಾದರೂ ಇತ್ತು. ಈಗೀಗ ಹೆಚ್ಚಿನ ಮಸೂದೆಗಳು ಯಾವ ಸಮಿತಿಯ ಮುಖವನ್ನೂ ನೋಡುವುದಿಲ್ಲ. ಸಂಸತ್ತಿನ ಕೆಲಸದ ಅಂಕಿಅಂಶ ಇಡುವ ಪಿಆರ್‌ಎಸ್ ಸಂಸ್ಥೆಯ ಲೆಕ್ಕದಲ್ಲಿ 2009ರಿಂದ 2014ರ ಲೋಕಸಭೆಯಲ್ಲಿ ಶೇ. 71ರಷ್ಟು ಮಸೂದೆ ಸಮಿತಿಗೆ ಹೋಗಿದ್ದವು. 2019ರಿಂದ 2024ರಲ್ಲಿ ಶೇ. 16.

ಸಂಸದರದ್ದೂ ತಪ್ಪಿದೆ. ಸಭೆಗೆ ಬಂದವರ ಹೆಸರು ವರದಿಯ ಕೊನೆಯ ನಡಾವಳಿಯಲ್ಲಿ ಇರುತ್ತದೆ, ಓದಿದರೆ ಬೇಜಾರಾಗುತ್ತದೆ. 31 ಜನರ ಸಮಿತಿಯಲ್ಲಿ ಅರ್ಧ ಕುರ್ಚಿ ಖಾಲಿ ಇರುವುದು ವಿಶೇಷವೇನಲ್ಲ. ಬಂದವರಲ್ಲಿ ಯಾರು ಏನು ಕೇಳಿದರು ಅನ್ನುವುದೂ ಅಲ್ಲಿ ಸಿಗುವುದಿಲ್ಲ. ಕ್ಯಾಮೆರಾ ಬೇಡ ಅನ್ನುವುದಕ್ಕೆ ನನ್ನ ಸಹಮತವಿದೆ. ಕ್ಯಾಮೆರಾ ಬಂದರೆ ಅಲ್ಲೂ ಬೆವರಿಳಿಸುವ ವಿಡಿಯೋ ಶುರುವಾಗುತ್ತದೆ. ಆದರೆ ವರದಿ ಮಂಡನೆಯಾದ ಮೇಲಾದರೂ ಒಳಗೆ ನಡೆದ ಪ್ರಶ್ನೋತ್ತರದ ಪೂರ್ತಿ ಪಠ್ಯ ಹೊರಗೆ ಬರಲಿ. ಮುಚ್ಚಿಡುವುದು ಎಂತಕ್ಕೆ?

ಇನ್ನು ಅಡಿಕೆ. ಇಷ್ಟು ಬರೆದಿದ್ದೇ ಅದಕ್ಕೆ. ಹೊಸನಗರ, ತೀರ್ಥಹಳ್ಳಿ, ಸಾಗರದ ತೋಟಗಳಲ್ಲಿ ಎಲೆಚುಕ್ಕೆ ರೋಗ ಏನು ಮಾಡಿದೆ ಅಂತ ನಿಮಗೆ ಹೇಳಬೇಕಿಲ್ಲ. ಹೆಡೆ ತುಂಬ ಚುಕ್ಕೆ, ಅದು ಕೂಡಿಕೊಂಡು ಸೋಗೆ ಸುಟ್ಟ ಹಾಗೆ ಒಣಗುತ್ತದೆ, ಮರ ಬಡಕಲಾಗುತ್ತದೆ. ರೋಗದ ಸಂಶೋಧನೆ ಕೃಷಿ ಇಲಾಖೆಯದು, ಅಂದರೆ ಕೃಷಿ ಸಮಿತಿ. ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ವಾಣಿಜ್ಯ ಇಲಾಖೆ, ಅದಕ್ಕೆ ವಾಣಿಜ್ಯ ಸಮಿತಿ. ಆಮದು ಸುಂಕ, ಕಸ್ಟಮ್ಸ್ ಹಣಕಾಸಿನವರದ್ದು. ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲೇ ಹೇಳಿದ್ದು ಆರೋಗ್ಯದವರ ಮೇಜಿನಲ್ಲಿದೆ. ಒಂದು ಅಡಿಕೆಗೆ ನಾಲ್ಕು ಸಮಿತಿ. ನಾವು ಮಾತ್ರ ಮಂತ್ರಿ ಶಿವಮೊಗ್ಗಕ್ಕೆ ಬಂದಾಗ ಐಬಿ ಮುಂದೆ ನಿಂತು ಮನವಿ ಪತ್ರ ಕೊಟ್ಟು, ಫೋಟೋ ಹೊಡೆಸಿಕೊಂಡು ಬರುತ್ತೇವೆ.

ಸಮಿತಿಗಳು ಒಂದು ಮಸೂದೆ ಅಥವಾ ವಿಷಯ ಕೈಗೆತ್ತಿಕೊಂಡಾಗ ಎಷ್ಟೋ ಸಲ ಸಾರ್ವಜನಿಕರ ಅಭಿಪ್ರಾಯ ಕೇಳಿ ಪ್ರಕಟಣೆ ಕೊಡುತ್ತವೆ. ಸಾಮಾನ್ಯವಾಗಿ 15 ದಿನದ ಗಡುವು. ಎದುರಿಗೆ ಬಂದು ಹೇಳುತ್ತೇನೆ ಅಂತ ಬರೆದರೆ ಕರೆದರೂ ಕರೆಯಬಹುದು. ಆದರೆ ಬರೆದದ್ದು ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು ಅನ್ನುತ್ತದೆ ಪ್ರಕಟಣೆ. ಕನ್ನಡದಲ್ಲಿ ತೆರಿಗೆ ಕಟ್ಟಬಹುದು, ಕನ್ನಡದಲ್ಲಿ ಓಟು ಕೇಳಬಹುದು, ಕನ್ನಡದಲ್ಲಿ ರೋಗದ ಕಥೆ ಹೇಳುವ ಹಾಗಿಲ್ಲ. ಈ ನಿಯಮ ಬದಲಾಗಬೇಕು ಅಂತ ನಮ್ಮ ಎಂಪಿಗಳು, ಯಾವ ಪಕ್ಷದವರೇ ಆಗಲಿ, ಒಂದು ಪತ್ರ ಬರೆದರೆ ನನ್ನ ಓಟಿನ ಬಗ್ಗೆ ಯೋಚನೆ ಮಾಡುತ್ತೇನೆ.

ಅಲ್ಲಿವರೆಗೆ ಇರುವ ದಾರಿಯಲ್ಲೇ ಹೋಗೋಣ. ಎಲೆಚುಕ್ಕೆ ಬಗ್ಗೆ ಕೃಷಿ ಸಮಿತಿಗೆ ಎರಡು ಪುಟದ ಒಂದು ಮನವಿ ತಯಾರು ಮಾಡುತ್ತಿದ್ದೇನೆ. ಯಾರೂ ಕೇಳದಿದ್ದರೂ ಕಳಿಸುವುದೇ. ಭಾಷಣ ಬೇಡ, ಬೈಗುಳವೂ ಬೇಡ. ಯಾವ ವರ್ಷ ತೋಟಕ್ಕೆ ರೋಗ ಬಂತು, ಎಷ್ಟು ಎಕರೆ, ಯಾವ ಔಷಧಿ ಎಷ್ಟು ಸಲ ಹೊಡೆಸಿದ್ರಿ, ಕೊಟ್ಟಿಗೆಗೆ ಬಂದ ಫಸಲು ಎಷ್ಟು ಇಳಿಯಿತು, ಇಷ್ಟನ್ನು ಇನ್‌ಬಾಕ್ಸಿಗೆ ಹಾಕಿ. ಫೋಟೋ ಇದ್ದರೆ ಒಳ್ಳೆಯದು. ಇಂಗ್ಲಿಷ್ ಚೆನ್ನಾಗಿ ಬರೆಯುವವರು, ಹಿಂದಿ ಮೇಷ್ಟ್ರು ಯಾರಾದರೂ ಇದ್ದರೆ ಕಾಮೆಂಟಿನಲ್ಲಿ ಹೇಳಿ.