ಮೂಗಿಗೆ ತುಪ್ಪ, ಮುಖಕ್ಕೆ ಕುಂಕುಮಾದಿ

ನಿಯಮ 170 ತೀರಿಕೊಂಡಿತು. ವೈಕುಂಠ ಸಮಾರಾಧನೆಗೆ ಯಾರೂ ಕರೆಯಲಿಲ್ಲ. ಹುಟ್ಟಿದ್ದು 2018ರ ಕೊನೆಯಲ್ಲಿ. ಆಯುರ್ವೇದ, ಸಿದ್ಧ, ಯುನಾನಿ ಔಷಧ ಮಾರುವವರು ಜಾಹೀರಾತು ಹಾಕುವ ಮೊದಲು ಅದನ್ನು ರಾಜ್ಯದ ಪರವಾನಗಿ ಅಧಿಕಾರಿಗೆ ತೋರಿಸಿ ಒಂದು ನಂಬರು ಪಡೆಯಬೇಕು, ಇಷ್ಟೇ ಅದರ ಜೀವಮಾನದ ಆಸೆ. ಇಷ್ಟು ಸಣ್ಣ ಆಸೆ ಇಟ್ಟುಕೊಂಡವರು ನಮ್ಮ ದೇಶದಲ್ಲಿ ಬದುಕುವುದುಂಟೇ? 2023ರ ಆಗಸ್ಟಿನಲ್ಲಿ ಆಯುಷ್ ಸಚಿವಾಲಯವೇ ರಾಜ್ಯಗಳಿಗೆ ಕಾಗದ ಬರೆದು, ಈ ನಿಯಮದ ಅಡಿ ಯಾರ ಮೇಲೂ ಕ್ರಮ ಬೇಡ ಎಂದಿತು. 2024ರ ಜುಲೈನಲ್ಲಿ ನಿಯಮವನ್ನೇ ಕಿತ್ತು ಹಾಕಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟು ಉಸಿರು ಹಿಡಿದಿಟ್ಟಿತು. 2025ರ ಆಗಸ್ಟಿನಲ್ಲಿ ಪ್ರಕರಣ ಮುಗಿಯಿತು, ತಡೆಯೂ ಹೋಯಿತು. ಮುಕ್ಕಾಲು ಪಾಲು ಆಗಸ್ಟಿನಲ್ಲೇ. ನಿಯಮದ ಜಾತಕದಲ್ಲಿ ಆ ತಿಂಗಳಿಗೆ ಏನೋ ಕಂಟಕವಿತ್ತು ಅಂತ ಕಾಣುತ್ತೆ, ಬೆಳಗ್ಗೆ ಟೀವಿಯಲ್ಲಿ ಬರುವ ಗುರೂಜಿಗಳು ನೋಡಿ ಹೇಳಬೇಕು.

ಇದೇ ಪ್ರಕರಣದಲ್ಲಿ, ದಾರಿ ತಪ್ಪಿಸುವ ಜಾಹೀರಾತು ಹಾಕಿದ್ದಕ್ಕೆ ಪತಂಜಲಿಯವರು ಸುಪ್ರೀಂ ಕೋರ್ಟಿನ ಮುಂದೆ ಕ್ಷಮೆ ಕೇಳಿದ ಕಥೆ ನಿಮಗೆ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಅದರಲ್ಲಿ ನನಗೆ ಹಿಡಿಸಿದ ಭಾಗ ಒಂದೇ. 67 ಪತ್ರಿಕೆಗಳಲ್ಲಿ ಕ್ಷಮೆ ಕೇಳಿದ್ದೇವೆ ಅಂತ ವಕೀಲರು ಹೇಳಿದಾಗ, ನಿಮ್ಮ ಜಾಹೀರಾತಿನಷ್ಟೇ ದೊಡ್ಡದಾಗಿ ಕೇಳಿದ್ದೀರಾ ಅಂತ ನ್ಯಾಯಪೀಠ ಕೇಳಿತಲ್ಲ, ಅದು. ಇಡೀ ದಂಧೆಯ ಗುಟ್ಟು ಅಕ್ಷರದ ಗಾತ್ರದಲ್ಲಿದೆ. ‘ಮೊಡವೆ ಮಾಯ’ ಅನ್ನುವುದು ಬಸ್ಸಿನ ಬೆನ್ನು ತುಂಬಾ ಇರುತ್ತದೆ. ‘ಫಲಿತಾಂಶ ಒಬ್ಬರಿಂದ ಒಬ್ಬರಿಗೆ ಬೇರೆಯಾಗಬಹುದು’ ಅನ್ನುವುದನ್ನು ಓದಬೇಕಾದರೆ ಬಸ್ಸಿನ ಸೈಲೆನ್ಸರಿಗೆ ಮುಖ ಕೊಟ್ಟು ಕೂರಬೇಕು. ಆಮೇಲೆ ಆ ಮುಖಕ್ಕೆ ಅದೇ ಕ್ರೀಮು ಬೇಕಾಗುತ್ತದೆ, ಅದು ಬೇರೆ ಮಾತು.

ಈಗ ನನ್ನ ಫೋನು ತೆರೆದರೆ ಸಾಕು, ಗ್ಲೋ. ಎಲ್ಲಿ ನೋಡಿದರೂ ಗ್ಲೋ. ಐದು ಸಾವಿರ ವರ್ಷದ ಹಿಂದಿನ ರಹಸ್ಯ, ಏಳು ದಿನದಲ್ಲಿ ಕೆಲಸ, ಕ್ಯಾಶ್ ಆನ್ ಡೆಲಿವರಿ. ಈ ಗ್ಲೋಗೆ ಮಾರುವ ಕೇಸರಿಯ ಮುಖದೆಣ್ಣೆ, ಅಂದರೆ ಕುಂಕುಮಾದಿ ತೈಲದ ಪಾಠ ಸಿಗುವುದು ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದಲ್ಲಿ. ವಾಗ್ಭಟ ಏಳನೇ ಶತಮಾನದ ಸುಮಾರಿನವನು ಅನ್ನುತ್ತಾರೆ, ಅಂದರೆ ಹೆಚ್ಚುಕಡಿಮೆ 1,400 ವರ್ಷ. ಉಳಿದ 3,600 ವರ್ಷ ಪ್ಯಾಕಿಂಗ್ ಚಾರ್ಜು.

ವಾಗ್ಭಟನ ವಿಷಯ ಬಂದದ್ದರಿಂದ ಹೇಳುತ್ತೇನೆ. ಮುಖಕ್ಕೆ ಲೇಪ ಹಚ್ಚುವುದು ಹೇಗೆ ಅಂತ ಸೂತ್ರಸ್ಥಾನದ 22ನೇ ಅಧ್ಯಾಯದಲ್ಲಿ ಆತ ಬರೆದಿಟ್ಟಿದ್ದಾನೆ. ಎಷ್ಟು ದಪ್ಪ ಇರಬೇಕು ಅಂತ ಅಂಗುಲದ ಲೆಕ್ಕ ಇದೆ: ಕಾಲಂಗುಲ, ಮೂರನೇ ಒಂದಂಗುಲ, ಅರ್ಧ ಅಂಗುಲ. ಆರು ಋತುವಿಗೆ ಆರು ಬಗೆಯ ಲೇಪ. ಒಣಗುವುದಕ್ಕೆ ಬಿಡಬಾರದು, ಒಣಗಿದ ಲೇಪ ಚರ್ಮದ ಕಾಂತಿ ಕೆಡಿಸುತ್ತದೆ. ತೆಗೆಯುವ ಮೊದಲು ಒದ್ದೆ ಮಾಡಬೇಕು, ತೆಗೆದ ಮೇಲೆ ಎಣ್ಣೆ ಸವರಬೇಕು. ನೆಗಡಿ ಇದ್ದವರಿಗೆ, ಅಜೀರ್ಣ ಆದವರಿಗೆ, ರಾತ್ರಿ ನಿದ್ದೆಗೆಟ್ಟವರಿಗೆ ಲೇಪ ಕೂಡದು. ಬೆಂಗಳೂರಿನಲ್ಲಿ ಈ ಮೂರೂ ಇಲ್ಲದವರು ಎಷ್ಟು ಜನ ಸಿಗುತ್ತಾರೋ ನೀವೇ ಎಣಿಸಿಕೊಳ್ಳಿ. ಇನ್ನೂ ಇದೆ. ಲೇಪ ಹಚ್ಚಿಕೊಂಡಾಗ ಹಗಲು ಮಲಗಬಾರದು, ಬೆಂಕಿಯ ಬಳಿ ಹೋಗಬಾರದು, ಬಿಸಿಲಿಗೆ ನಿಲ್ಲಬಾರದು, ದುಃಖಪಡಬಾರದು, ಸಿಟ್ಟಾಗಬಾರದು. ಮತ್ತು ಮಾತಾಡಬಾರದು.

ಮಾತಾಡಬಾರದು! ಈ ಒಂದು ಪದ್ಯವನ್ನು ಕಾನೂನು ಮಾಡಿದರೆ ಇನ್‌ಸ್ಟಾಗ್ರಾಂ ಅರ್ಧಕ್ಕರ್ಧ ಮೂಕವಾಗುತ್ತದೆ. ಮೊನ್ನೆ ಒಂದು ರೀಲು ನೋಡಿದೆ. ಹುಡುಗಿ ಕಡಲೆಹಿಟ್ಟು, ಕಸ್ತೂರಿ ಅರಿಶಿನ, ಮೊಸರು ಕಲಸಿ ಬಳಿದುಕೊಂಡಿದ್ದಾಳೆ. ಲೇಪ ಒಣಗಿ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿದೆ. ಬಾಯಿಯ ಎರಡು ಕಡೆ ಹಕ್ಕಳೆ ಎದ್ದು ಪುಡಿ ಕುಪ್ಪಸದ ಮೇಲೆ ಉದುರುತ್ತಿದೆ. ಕಿಟಕಿಯ ಬಿಸಿಲು ನೇರ ಕೆನ್ನೆಗೆ. ಆಕೆ ಒಂದೇ ಸಮನೆ ಮಾತಾಡುತ್ತಿದ್ದಾಳೆ, ಆಯುರ್ವೇದದ ಬಗ್ಗೆ. ಒಣಗುವುದು, ಬಿಸಿಲು, ಮಾತು, ಮೂರೂ ನಿಷೇಧಗಳನ್ನು ಒಂದು ನಿಮಿಷದ ಒಳಗೆ ಮುರಿಯುವುದಕ್ಕೂ ಪ್ರತಿಭೆ ಬೇಕು. ಕೆಳಗೆ ‘ನಮ್ಮ ಸಂಸ್ಕೃತಿಗೆ ಹೆಮ್ಮೆ’ ಅಂತ ಸಾಲು ಸಾಲು ಕೈಮುಗಿಯುವ ಚಿಹ್ನೆಗಳು.

ಮೊಡವೆಗೆ ಸುಶ್ರುತ ಏನು ಹೇಳುತ್ತಾನೆ? ಯೌವನದಲ್ಲಿ ಮುಖದ ಮೇಲೆ ಬೂರುಗದ ಮರದ ಮುಳ್ಳಿನಂತೆ ಏಳುತ್ತವೆ, ಕಫ, ವಾತ ಮತ್ತು ರಕ್ತದ ಕಾರಣ ಅನ್ನುತ್ತಾನೆ. ಬೂರುಗದ ಮುಳ್ಳು ನೋಡಿದವರಿಗೆ ಆತನ ಕಣ್ಣು ಎಷ್ಟು ಚುರುಕು ಅಂತ ಗೊತ್ತಾಗುತ್ತದೆ. ಚಿಕಿತ್ಸೆ? ವಮನ. ಅಂದರೆ ವಾಂತಿ ಮಾಡಿಸುವುದು. ಆಮೇಲೆ ಲೋಧ್ರ, ಬಜೆ ಇಂಥವುಗಳ ಲೇಪ. ಕೆಲವು ಮುಖರೋಗಕ್ಕೆ ಹಣೆಯ ರಕ್ತನಾಳದಿಂದ ರಕ್ತವನ್ನೂ ತೆಗೆಯುತ್ತಿದ್ದರು. ನಾನು ಕಾಯುತ್ತಾ ಕೂತಿದ್ದೇನೆ, ‘ಅಪ್ಪಟ ಶಾಸ್ತ್ರೋಕ್ತ’ ಅನ್ನುವ ಯಾವ ಕಂಪನಿಯಾದರೂ ತನ್ನ ನಟೀಮಣಿಯ ಕೈಗೆ ಒಂದು ಬೇಸಿನ್ನು ಕೊಟ್ಟು ಮೊದಲು ವಾಂತಿ ಮಾಡಿಸಿ ಆಮೇಲೆ ಕ್ರೀಮು ಹಚ್ಚುವುದನ್ನು ತೋರಿಸುತ್ತದೆಯೋ ಅಂತ. ಇಲ್ಲ. ಶಾಸ್ತ್ರದಲ್ಲಿ ಗಲೀಜಾದದ್ದು, ಕಷ್ಟದ್ದು, ವೈದ್ಯನ ಎದುರು ಕೂತು ನಾಡಿ ಕೊಡಬೇಕಾದದ್ದು ಎಲ್ಲವನ್ನೂ ಸೋಸಿ, ಪರಿಮಳ ಒಂದನ್ನು ಮಾತ್ರ ಟ್ಯೂಬಿಗೆ ತುಂಬಿದ್ದಾರೆ.

ಬಂಗಿನ ವಿಷಯಕ್ಕೆ ಬಂದರೆ ಸುಶ್ರುತನಿಗೆ ಅಡ್ಡಬಿದ್ದುಬಿಡೋಣ ಅನ್ನಿಸುತ್ತದೆ. ಕೆನ್ನೆಯ ಮೇಲೆ ನೋವಿಲ್ಲದ, ತೆಳ್ಳನೆಯ ಕಪ್ಪು ಮಂಡಲ ಏಳುವುದಕ್ಕೆ ಆತ ಕೊಡುವ ಕಾರಣ ಎರಡು: ಸಿಟ್ಟು ಮತ್ತು ದಣಿವು. ಇವತ್ತಿನ ವೈದ್ಯರು ಬಿಸಿಲು, ಬಸಿರು, ಹಾರ್ಮೋನು, ವಂಶ ಅನ್ನುತ್ತಾರೆ. ಹೊಲದಲ್ಲಿ ಬಗ್ಗಿ ಕಳೆ ಕೀಳುವ ಹೆಂಗಸಿನ ಮುಖ ನೋಡಿದರೆ ಇಬ್ಬರದ್ದೂ ಸರಿ ಅನ್ನಿಸುತ್ತದೆ. ಬೆಳಗ್ಗೆ ಐದಕ್ಕೆದ್ದು ಮುದ್ದೆ ತೊಳಸಿಟ್ಟು, ಗಾರ್ಮೆಂಟ್ಸ್ ಬಸ್ಸು ಹಿಡಿದು, ಟಾರ್ಗೆಟ್ಟು ಮುಗಿಸಿ, ಸೂಪರ್‌ವೈಸರನ ಬೈಗುಳ ನುಂಗಿ ಬರುವವಳಿಗೆ ‘ಬಂಗು ನಿವಾರಕ’ ಅಂತ 499 ರೂಪಾಯಿಯ ಡಬ್ಬಿ ಮಾರುತ್ತಾರೆ. ಸಿಟ್ಟು ನಿವಾರಕ, ದಣಿವು ನಿವಾರಕ ಯಾರ ಹತ್ತಿರ ಇದೆ? ಆ ಔಷಧ ತಯಾರಿಸುವುದಕ್ಕೆ ಲೈಸೆನ್ಸು ಕೇಳಿ ಬಂದವರು ಯಾರೂ ಇಲ್ಲ.

ಕುಂಕುಮಾದಿಯ ಬೆಲೆಯೂ ಒಂದು ತಮಾಷೆ. ಅದರಲ್ಲಿ ಕೇಸರಿ, ಚಂದನ, ಮಂಜಿಷ್ಠ, ಅರಗು, ಲಾವಂಚ, ಅತಿಮಧುರ, ಆಡಿನ ಹಾಲು, ಎಳ್ಳೆಣ್ಣೆ ಬೀಳಬೇಕು. ಕೇಸರಿ ಕಿಲೋಗೆ ಲಕ್ಷಗಟ್ಟಲೆ. ಬಾಟಲಿ 199ಕ್ಕೆ, ಒಂದು ಕೊಂಡರೆ ಒಂದು ಉಚಿತ. ಕೇಸರಿ ತುಂಬಿದ ಲಾರಿ ಆ ಕಾರ್ಖಾನೆಯ ಮುಂದಿನ ರಸ್ತೆಯಲ್ಲಿ ಹಾದುಹೋಗಿರಬಹುದು, ಗಾಳಿ ಆ ಕಡೆಗಿತ್ತೋ ಏನೋ. ಮೊದಲೇ ಜಿಡ್ಡು ಸುರಿಯುವ ಹದಿನಾರರ ಮುಖಕ್ಕೆ ಮೇಲಿಂದ ಎಳ್ಳೆಣ್ಣೆ ತಿಕ್ಕಿದರೆ ಏನಾಗುತ್ತದೆ ಅಂತ ಆ ಹುಡುಗಿಯ ತಾಯಿಯನ್ನು ಕೇಳಬೇಕು.

ಅದಕ್ಕಿಂತ ಗ್ರಂಧಿಗೆ ಅಂಗಡಿಯವರೇ ವಾಸಿ. ನಮ್ಮ ಕಡೆಯ ಅಂಗಡಿಯವರು ಕಸ್ತೂರಿ ಅರಿಶಿನ ಕೇಳಿದರೆ ಮುಖ ನೋಡುತ್ತಾರೆ. “ಯಾರಿಗಮ್ಮಾ, ಮುಖಕ್ಕೋ, ಪೂಜೆಗೋ?” ಮುಖಕ್ಕೆ ಅಂದರೆ ಒಳಗಿನ ಡಬ್ಬಿಯಿಂದ ಕೊಡುತ್ತಾರೆ. ಪೂಜೆಗೆ ಅಂದರೆ ಹೊರಗಿನ ಚೀಲದಿಂದ. ಹೊರಗಿನ ಚೀಲದ್ದು ಕಚೋರ, ಅದನ್ನೇ ಕಸ್ತೂರಿ ಅರಿಶಿನ ಅಂತ ಊರೆಲ್ಲ ಮಾರುತ್ತಾರೆ ಅಂತ ಅವರೇ ಹೇಳಿದರು. ಬಾವಂಚಿ ಬೀಜ ಕೇಳಿದ ಹುಡುಗನಿಗೆ “ಡಾಕ್ಟ್ರು ಬರೆದ ಚೀಟಿ ತಗೊಂಡು ಬಾರಪ್ಪ, ಇದನ್ನ ಬಳ್ಕೊಂಡು ಬಿಸಿಲಿಗೆ ನಿಂತರೆ ಬೊಬ್ಬೆ ಏಳ್ತವೆ” ಅಂತ ವಾಪಸು ಕಳಿಸಿದರು. ನಿಯಮ ಇಲ್ಲ, ನಂಬರು ಇಲ್ಲ, ಸಚಿವಾಲಯ ಇಲ್ಲ. ಗಲ್ಲಾದ ಮೇಲೆ ಒಂದು ಗಣಪತಿ ಫೋಟೋ, ಅಷ್ಟೇ.

ಇನ್ನೊಂದು ಹಳೆಯ ಕಥೆ. ‘ನಮ್ಮದು ಕಾಸ್ಮೆಟಿಕ್ ಅಲ್ಲ’ ಅಂತ ಹಾಡಿಕೊಂಡು ಟೀವಿಯಲ್ಲಿ ಬರುತ್ತಿತ್ತಲ್ಲ ವಿಕೋ ಟರ್ಮರಿಕ್, ಚಿಕ್ಕಂದಿನಲ್ಲಿ ನಾವು ಅದನ್ನು ಮದುವೆ ಮನೆಯ ಸಂಭ್ರಮ ಅಂದುಕೊಂಡಿದ್ದೆವು. ಸುಂಕದ ಇಲಾಖೆಯವರು ಅದೇ ಮಾತನ್ನು ಬೇರೆ ಕಿವಿಯಿಂದ ಕೇಳುತ್ತಿದ್ದರು. ಅದು ಆಯುರ್ವೇದ ಔಷಧವೋ, ಸೌಂದರ್ಯ ಸಾಮಗ್ರಿಯೋ ಅಂತ ಅಬಕಾರಿ ಸುಂಕದ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿ 2004ರಲ್ಲಿ ಕಂಪನಿ ಗೆದ್ದಿತು. ಕಂಪನಿಯ ತಪ್ಪೇನೂ ಇಲ್ಲ, ಕಾನೂನು ಇದ್ದದ್ದೇ ಹಾಗೆ. ಈಗಲೂ ಆಯುರ್ವೇದ ಔಷಧಕ್ಕೆ ಜಿಎಸ್‌ಟಿ ಶೇ. 5, ಮುಖದ ಕ್ರೀಮಿಗೆ ಶೇ. 18. ನಡುವಿನ 13 ಪರ್ಸೆಂಟಿನಲ್ಲಿ ಎಷ್ಟು ಜನ ಋಷಿಮುನಿಗಳು ತಪಸ್ಸಿಗೆ ಕೂತಿದ್ದಾರೋ. ತೆರಿಗೆಯವರ ಮುಂದೆ ಔಷಧ, ವಿಜ್ಞಾನಿ ಪುರಾವೆ ಕೇಳಿದರೆ ಸಂಪ್ರದಾಯ, ಗಿರಾಕಿಯ ಮುಂದೆ ಬ್ಯೂಟಿ.

ನಮ್ಮ ರಾಜ್ಯವೇನೂ ಕಮ್ಮಿಯಿಲ್ಲ. ಮೈಸೂರು ಸ್ಯಾಂಡಲ್ ಸೋಪಿಗೆ ತಮನ್ನಾ ಅವರನ್ನು 6.2 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ ಎಷ್ಟು ಕೂಗಾಡಿದೆವು! ಕನ್ನಡದ ಹುಡುಗಿ ಸಿಗಲಿಲ್ಲವೇ ಅಂತ. ಕೇಳಬೇಕಾದ ಪ್ರಶ್ನೆಯೇ. ಆದರೆ ಗಂಧದ ಬಣ್ಣದ ಹುಡುಗಿ ಸಿಗಲಿಲ್ಲವೇ ಅಂತ ಒಬ್ಬರೂ ಕೇಳಲಿಲ್ಲ. ಗಂಧದ ಕೊರಡು ನೋಡಿದ್ದೀರಲ್ಲ, ಅದು ಬೆಳ್ಳಗಿರುವುದಿಲ್ಲ.

ಬಣ್ಣ. ಸುತ್ತಿ ಸುತ್ತಿ ಅಲ್ಲಿಗೇ ಬರಬೇಕು. ಮೊಡವೆ, ಕಲೆ, ಬಂಗು ಎಲ್ಲ ನೆಪ. 2020ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ 1954ರ ಮಾಂತ್ರಿಕ ಔಷಧ ಜಾಹೀರಾತು ಕಾಯ್ದೆಗೆ ಒಂದು ತಿದ್ದುಪಡಿಯ ಕರಡು ತಂದಿತು. ಬೆಳ್ಳಗೆ ಮಾಡುತ್ತೇವೆ ಅನ್ನುವ ಜಾಹೀರಾತಿಗೂ ಜೈಲು, ಹತ್ತು ಲಕ್ಷದವರೆಗೆ ದಂಡ. ಅದೇ ಜುಲೈನಲ್ಲಿ ಫೇರ್ ಅಂಡ್ ಲವ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾಯಿತು, ಕರಡು ಕರಡಾಗಿಯೇ ಉಳಿಯಿತು. 79 ರೂಪಾಯಿಯ ಫೇರ್ ಅಂಡ್ ಹ್ಯಾಂಡ್ಸಮ್ ಹಚ್ಚಿಯೂ ಬೆಳ್ಳಗಾಗಲಿಲ್ಲ ಅಂತ 2013ರಲ್ಲಿ ದೂರು ಕೊಟ್ಟ ದೆಹಲಿಯ ಗ್ರಾಹಕರೊಬ್ಬರಿಗೆ 2024ರ ಡಿಸೆಂಬರಿನಲ್ಲಿ ಗ್ರಾಹಕ ವೇದಿಕೆಯಿಂದ ನ್ಯಾಯ ಸಿಕ್ಕಿತು, ಕಂಪನಿಗೆ 14.5 ಲಕ್ಷ ದಂಡ. ಕಂಪನಿಯ ವಾದ ಏನು ಗೊತ್ತೇ? ಪೌಷ್ಟಿಕ ಆಹಾರ, ವ್ಯಾಯಾಮ, ಒಳ್ಳೆಯ ಅಭ್ಯಾಸ, ಶುಚಿಯಾದ ಪರಿಸರ ಎಲ್ಲ ಬೇಕಾಗುತ್ತದೆ ಅಂತ. ಅಷ್ಟೂ ಇದ್ದವನಿಗೆ ಕ್ರೀಮು ಯಾಕಪ್ಪ?

ನಗುವುದಕ್ಕೆ ಆಗದ ಜಾಗವೂ ಇದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್. 1902ರಿಂದ ಆರ್ಯ ವೈದ್ಯ ಶಾಲೆ ಅನ್ನುವ ಹೆಸರಾಂತ ಆಯುರ್ವೇದ ಸಂಸ್ಥೆ ಇರುವ ಊರು. ಅದೇ ಊರಿನ ಬೇರೊಂದು ಆಸ್ಪತ್ರೆಯ ಕಿಡ್ನಿ ವೈದ್ಯರಿಗೆ 2021ರಿಂದ 2023ರ ನಡುವೆ ಒಂದೇ ಬಗೆಯ ಕಿಡ್ನಿ ಕಾಯಿಲೆಯ 22 ಜನ ಸಿಕ್ಕಿದರು. ಅವರಲ್ಲಿ 15 ಜನರದ್ದು ಅಪರೂಪದ ಒಂದು ಜಾತಿ. ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದವರು. ಕ್ರೀಮಿನಲ್ಲಿ ಇದ್ದದ್ದು ಪಾದರಸ. ಅದು ಚರ್ಮದಲ್ಲಿ ಬಣ್ಣ ಹುಟ್ಟುವುದನ್ನೇ ತಡೆಯುತ್ತದೆ, ಅದಕ್ಕೇ ಮುಖ ಬೆಳಗುತ್ತದೆ, ಹಾಗೆಯೇ ಒಳಗಿಳಿದು ಕಿಡ್ನಿ ತಿನ್ನುತ್ತದೆ. 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಅಂತ ದಾಳಿಗಳನ್ನೂ ನಡೆಸಿತು. ವೈದ್ಯ ಶಾಲೆಗೂ ಇದಕ್ಕೂ ಸಂಬಂಧವಿಲ್ಲ. ಆದರೆ ‘ಕೆಮಿಕಲ್ ಇಲ್ಲ, ನ್ಯಾಚುರಲ್’ ಅಂದರೆ ಕಣ್ಣು ಮುಚ್ಚಿ ಮುಖ ಒಡ್ಡುವ ಅಭ್ಯಾಸ ನಮಗೆ ಬಂದದ್ದು ಎಲ್ಲಿಂದ? ಪಾದರಸವೂ ನ್ಯಾಚುರಲ್ಲೇ. ಭೂಮಿಯಿಂದಲೇ ಬರುತ್ತದೆ.

ಇದನ್ನು ಹಚ್ಚಿಕೊಂಡವರು ಯಾರೂ ಮೂರ್ಖರಲ್ಲ. ಹೆಣ್ಣು ನೋಡುವುದಕ್ಕೆ ಬಂದವರು ಚೌಚೌ ಬಾತ್ ತಿಂದು ಕೈ ತೊಳೆದು, “ಹುಡುಗಿ ಲಕ್ಷಣವಾಗಿದಾಳೆ, ಬಣ್ಣ ಒಂಚೂರು...” ಅಂತ ಮಾತನ್ನು ಅಲ್ಲಿಗೇ ಬಿಟ್ಟು ಚಪ್ಪಲಿ ಹಾಕಿಕೊಳ್ಳುತ್ತಾರಲ್ಲ, ಆ ಅರ್ಧ ಮಾತಿನ ಮೇಲೆ ಇಡೀ ಉದ್ಯಮ ನಿಂತಿದೆ. ಅವಳಿಗೆ ಮೊಡವೆ ಎದ್ದರೆ ಮನೆಗೆ ಬಂದ ಪ್ರತಿಯೊಬ್ಬ ದೊಡ್ಡಮ್ಮ, ಅತ್ತೆ ಒಂದೊಂದು ಮದ್ದು ಹೇಳುತ್ತಾರೆ, ನಿಂಬೆರಸ ಹಚ್ಚಿ ಬಿಸಿಲಿಗೆ ಕೂತು ಸುಟ್ಟುಕೊಂಡರೆ “ಉಷ್ಣ ಆಗಿದೆ” ಅನ್ನುತ್ತಾರೆ. ಬೇಜಾರಾಗಿದೆ ನನಗೆ. ಜಾಹೀರಾತು ತೋರಿಸಿ ಒಂದು ನಂಬರು ತಗೊಳ್ಳಿ ಅನ್ನುವ ನಿಯಮವನ್ನೂ ಉಳಿಸಿಕೊಳ್ಳಲಿಲ್ಲವಲ್ಲ. ಪೂರ್ತಿ ಗೊತ್ತಿದ್ದೇ ಬಿಟ್ಟರಲ್ಲ.

ಆಯುರ್ವೇದ ದ್ರೋಹಿ ಅಂತ ನನಗೆ ಬರುವ ಬೈಗುಳ ಇವತ್ತು ಸಂಜೆಯೊಳಗೆ ಶುರುವಾಗುತ್ತದೆ. ಬೈಯಿರಿ. ಆದರೆ ಲೇಪ ತೊಳೆದುಕೊಂಡು ಬೈಯಿರಿ, ಹಚ್ಚಿಕೊಂಡಾಗ ಸಿಟ್ಟು ಕೂಡದು ಅಂದವನು ನಾನಲ್ಲ, ವಾಗ್ಭಟ. ತೊಳೆಯುವ ಮುಂಚೆ ಒದ್ದೆ ಮಾಡುವುದನ್ನು ಮರೆಯಬೇಡಿ.