ರೂಪಾಯಿಗೆ 366 ಕಿಲೋ

ಬೆಳಿಗ್ಗೆ ಐದೂಕಾಲಿಗೆ ಫೋನು ಟಿಣ್ ಅಂದರೆ ನಮ್ಮ ಮನೆಯಲ್ಲಿ ಎರಡೇ ಅರ್ಥ. ಒಂದೋ ನೆಂಟರಲ್ಲಿ ಯಾರೋ ಹೋಗಿಬಿಟ್ಟರು, ಇಲ್ಲಾ ಜಮಖಂಡಿಯ ಕಾಕಾ ಎದ್ದರು. ಮೊನ್ನೆ ಕಾಕಾ ಎದ್ದಿದ್ದರು. "ನಿಮಗಿದು ಗೊತ್ತೇ? ಆಕ್ಟೋಪಸ್‌ಗೆ ಮೂರು ಹೃದಯ!" ಕೆಳಗೊಂದು ಗುಲಾಬಿ, ಮುಗಿದ ಕೈ, ಶುಭೋದಯ.

ಸುಮ್ನೆ ಮಲಗಬೇಕಿತ್ತು. ಪಕ್ಕದಲ್ಲಿ ಹೆಂಡತಿಗೆ ಎಚ್ಚರ ಇದ್ದಂಗಿತ್ತು. "ಆಕ್ಟೋಪಸ್‌ಗೆ ಮೂರು ಹೃದಯ ಇರ್ತಾವಂತ" ಅಂದೆ.

"ನಿಮಗ ಇರೋದ ಒಂದು. ರಾತ್ರಿ ಬಿಪಿ ಗುಳಗಿ ತಗೊಂಡ್ರೋ ಇಲ್ಲೋ?" ಅಂದವಳೇ ಆ ಕಡೆ ಹೊರಳಿದಳು.

ತಗೊಂಡಿರಲಿಲ್ಲ.

ಕಾಕಾನ ಮೇಲೆ ನನಗಿರುವ ಸಿಟ್ಟು ನಿದ್ದೆ ಕೆಡಿಸಿದ್ದಕ್ಕಲ್ಲ. ಅರ್ಧ ಹೇಳಿ ಬಿಡುತ್ತಾರಲ್ಲ, ಅದಕ್ಕೆ. ಮೂರು ಹೃದಯದಲ್ಲಿ ಎರಡು ಕಿವಿರುಗಳಿಗೆ ರಕ್ತ ತಳ್ಳಲಿಕ್ಕೆ, ಉಳಿದ ಮೈಗೆಲ್ಲ ಇನ್ನೊಂದು. ಆಕ್ಟೋಪಸ್ ಈಜುವಾಗ ಆ ಇನ್ನೊಂದು ಬಡಿಯುವುದನ್ನೇ ನಿಲ್ಲಿಸುತ್ತದೆ. ಹಾಗಾಗಿ ಬೇಗ ಸುಸ್ತಾಗಿ, ಪಾಪ, ಈಜುವುದಕ್ಕಿಂತ ತೆವಳುವುದೇ ಜಾಸ್ತಿ. ಮೂರು ಹೃದಯ ಇಟ್ಟುಕೊಂಡೂ ತೆವಳಿಕೊಂಡು ಹೋಗುವ ಪ್ರಾಣಿ! ಮಜಾ ಇರೋದು ಅಲ್ಲಿ. ಅದನ್ನೇ ಕತ್ತರಿಸಿ ಎಸೆದು, ಮೂರು ಅನ್ನೋ ಸಂಖ್ಯೆಗೆ ಗುಲಾಬಿ ಹಚ್ಚಿ ಕಳಿಸುತ್ತಾರೆ. ಶುಕ್ರಗ್ರಹದ ದಿನ ಅದರ ವರ್ಷಕ್ಕಿಂತ ದೊಡ್ಡದು ಅಂತ ಹೋದ ವಾರ ಬಂದಿತ್ತು. ಹೌದು, ತನ್ನ ಸುತ್ತ ಒಂದು ಸುತ್ತು ತಿರುಗಲು ಅದಕ್ಕೆ 243 ದಿನ ಬೇಕು, ಸೂರ್ಯನ ಸುತ್ತ ಬರಲು 225. ಇದನ್ನು ಓದಿದ ಮನುಷ್ಯನಿಗೆ ಯಾಕೆ ಅಷ್ಟು ನಿಧಾನ ಅಂತ ಒಂದು ಕ್ಷಣವಾದರೂ ಅನ್ನಿಸಬೇಕು, ಅಲ್ವಾ? ಕಾಕಾಗೆ ಅನ್ನಿಸಲ್ಲ. ಅವರು ಆಗಲೇ ಮುಂದಿನದಕ್ಕೆ ಗುಲಾಬಿ ಹುಡುಕುತ್ತಿರುತ್ತಾರೆ.

ಇನ್ನು ಸುಳ್ಳಿನವು ಬೇರೆ. ಚಂದ್ರನ ಮೇಲಿಂದ ಚೀನಾದ ಗೋಡೆ ಕಾಣುತ್ತದೆ ಅಂತ ವರ್ಷಕ್ಕೆ ಎರಡು ಸಲವಾದರೂ ಬರುತ್ತದೆ. ಕಾಣಲ್ಲ. ಅದು ಹೋಗಲಿ, ದೂರದ್ದು. ನಮ್ಮೂರಿನದೇ ಇದೆಯಲ್ಲ! ಗೋಲಗುಂಬಜ್ ಪ್ರಪಂಚದಲ್ಲೇ ಎರಡನೇ ದೊಡ್ಡ ಗುಂಬಜ್ ಅಂತ ನಾನೂ ಶಾಲೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವನೇ. ಒಮ್ಮೆ ಅಳತೆ ಹುಡುಕಿದೆ, ಅದೇ ತಪ್ಪಾಯ್ತು. ಒಳಗಿನ ಅಗಲ ನಮ್ಮದು ಹತ್ತಿರ ಹತ್ತಿರ 38 ಮೀಟರ್. ರೋಮ್‌ನ ಪಾಂಥಿಯನ್‌ದು 43 ಮೀಟರ್ ದಾಟುತ್ತದೆ, ಸೇಂಟ್ ಪೀಟರ್ಸ್‌ದು 41ರ ಮೇಲೆ. ಹಂಗಾದರೆ ಎರಡನೇದು ಹೆಂಗೆ? ಇದನ್ನು ಮನೆಯವರ ಗ್ರೂಪಿನಲ್ಲಿ ಹಾಕಿದೆ. ಕಾಕಾ ಸಿಟ್ಟಾಗಿ, "ವಿಜಯಪುರದ ನೀರು ಕುಡದು ವಿಜಯಪುರಕ್ಕ ಎರಡು ಬಗೀತಿ" ಅಂತ ಬರೆದರು. ನಾಲ್ಕು ದಿನ ಗುಲಾಬಿ ಬರಲಿಲ್ಲ. ನೆಮ್ಮದಿಯಾಗಿತ್ತು.

ಎರಡನೇದೋ ಮೂರನೇದೋ, ಯಾರಿಗೆ ಬೇಕು? 1656ರಲ್ಲಿ ಮುಗಿದ ಕಟ್ಟಡ. ನಡುವೆ ಒಂದೂ ಕಂಬ ಇಲ್ಲದೆ, ಒಂದಕ್ಕೊಂದು ಹೆಣೆದ ಕಮಾನುಗಳ ಮೇಲೆ ಅಷ್ಟು ಭಾರ ಹೊತ್ತು ನಿಂತಿದೆ. ಅದನ್ನು ನೋಡಲಿಕ್ಕೆ ಯಾರಿಗೂ ಪುರಸೊತ್ತಿಲ್ಲ. ಮೇಲೆ ಹತ್ತುತ್ತಾರೆ, ಪಿಸುಮಾತಿನ ಗ್ಯಾಲರಿಯಲ್ಲಿ ನಿಂತು "ಹೋಯ್" ಅಂತ ಕಿರುಚುತ್ತಾರೆ, ಏಳು ಸಲ ಬಂತಾ ಅಂತ ಬೆರಳು ಮಡಚಿ ಎಣಿಸುತ್ತಾರೆ, ಇಳಿಯುತ್ತಾರೆ. ಇಷ್ಟು ವರ್ಷ ಇದೇ ಊರಲ್ಲಿದ್ದೇನೆ, ಅಲ್ಲಿ ಯಾರಾದರೂ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಆದರೆ ನಾನೇನು ಸಾಚಾನಾ? ಗುಜರಿಯವನ ವಿಷಯ ಹೇಳಿದರೆ ನಿಮಗೇ ಗೊತ್ತಾಗುತ್ತದೆ.

ಏಪ್ರಿಲ್ ಕೊನೆಯ ಒಂದು ಭಾನುವಾರ. ಒಂದು ವರ್ಷದ ರದ್ದಿ, ತಳ ತುಕ್ಕು ಹಿಡಿದ ಕೂಲರ್, ಒಂದು ತೂತು ಕೊಡಪಾನ. ಹೆಂಡತಿ ಗುಜರಿಯವನನ್ನು ನಿಲ್ಲಿಸಿದಳು. ಮೂವತ್ತರ ಒಳಗಿನ ಹುಡುಗ, ತಲೆಗೆ ಟವೆಲ್, ಹಿಂದೆ ಟಂಟಂ. ಚೌಕಾಶಿ ಶುರುವಾಯಿತು. 1896ರಲ್ಲಿ ಬ್ರಿಟಿಷರಿಗೂ ಜಾಂಜಿಬಾರ್‌ಗೂ ನಡೆದ ಯುದ್ಧ ಮುಕ್ಕಾಲು ಗಂಟೆಯೊಳಗೆ ಮುಗಿದಿತ್ತು. ಇಲ್ಲಿ ಅಷ್ಟು ಹೊತ್ತಿನಲ್ಲಿ ಕೊಡಪಾನದ ರೇಟೇ ಬಗೆಹರಿದಿರಲಿಲ್ಲ. ಕೂಲರಿಗೆ ಅವನು ಹೇಳಿದ ರೇಟು ಕೇಳಿ ಅವಳು ಒಳಗೆ ಹೋಗಿಬಿಟ್ಟಳು. ಒಳಗೆ ಹೋಗುವುದೂ ಚೌಕಾಶಿಯ ಭಾಗ. ಈಗ ಜಗಲಿಯ ಮೇಲೆ ನಾನು ಮತ್ತು ಅವನು.

ಸುಮ್ಮನಿರಲಾರದೆ ನಾನು ಶುರು ಮಾಡಿದೆ. "ತಮ್ಮಾ, ನಮ್ಮ ಮಲಿಕ್-ಎ-ಮೈದಾನ್ ತೋಪು ಐತಲ್ಲ, ಶೆರ್ಜಾ ಬುರುಜಿನ ಮ್ಯಾಲ. 55 ಟನ್. 1854ರಾಗ ಅದನ್ನ ಹರಾಜು ಹಾಕಿದ್ರು. ಎಷ್ಟಕ್ಕ ಹೋತು ಗೊತ್ತೈತೇನು? ಬರೇ 150 ರೂಪಾಯಿ!"

ಇಲ್ಲಿ ಎದುರಿಗಿದ್ದವರು "ಹೌದಾ!" ಅನ್ನಬೇಕು. ಇಷ್ಟು ವರ್ಷ ಎಲ್ಲರೂ ಅಂದಿದ್ದಾರೆ. ಇವನು ಅನ್ನಲಿಲ್ಲ. ಕೈಯಲ್ಲಿದ್ದ ರದ್ದಿ ಕಟ್ಟು ಕೆಳಗಿಟ್ಟು, ಜೇಬಿನಿಂದ ಮೊಬೈಲ್ ತೆಗೆದು ಲೆಕ್ಕ ಒತ್ತಿದ.

"ರೂಪಾಯಿಗೆ 366 ಕಿಲೋ ಬೀಳ್ತೈತ್ರಿ ಸರ."

ನಾನು ಈ ಲೆಕ್ಕ ಯಾವತ್ತೂ ಮಾಡಿರಲಿಲ್ಲ.

"ಮಾಲು ಯಾವುದ್ರಿ? ಕಬ್ಬಿಣನೋ, ಪಿತ್ತಾಳಿನೋ?"

"ಕಂಚಿನ ಥರದ್ದು. 1549ರಾಗ ಅಹಮದ್‌ನಗರದಾಗ ಎರಕ ಹೊಯ್ದದ್ದು. ಬಾಯಿ ಸಿಂಹದ್ದು, ಆನೆ ನುಂಗಾಕತ್ತದ" ಅಂತ ನನಗೆ ಗೊತ್ತಿದ್ದನ್ನೆಲ್ಲ ಸುರಿದೆ. ಆನೆಯಲ್ಲಿ ಅವನಿಗೆ ಆಸಕ್ತಿ ಇರಲಿಲ್ಲ.

"ಕಂಚು ಅಂದ್ರ ರೇಟ್ ಛಲೋ ಐತ್ರಿ. ಹೊತ್ತೊಯ್ಯೋದು ಯಾರ ಖರ್ಚು? ತಗೊಂಡವರದೋ, ಸರಕಾರದ್ದೋ?"

"ತಗೊಂಡವರದ ಇರಬೇಕು."

"ನೋಡ್ರಿ ಮತ್ತ!" ಅಂತ ಅವನು ಜಗಲಿಯ ಮೇಲೆ ಕೂತೇಬಿಟ್ಟ. "ನನ್ನ ಟಂಟಂ ಅರ್ಧ ಟನ್ ಎಳೀತೈತಿ. ಐವತ್ತೈದು ಟನ್ ಅಂದ್ರ ನೂರಾಹತ್ತು ಟ್ರಿಪ್. ಟ್ರಿಪ್ ಹೊಡೀಬೇಕಂದ್ರ ಮೊದಲ ತುಂಡ ಮಾಡಬೇಕು. ಆಗ ಗ್ಯಾಸ್ ಕಟರ್ ಎಲ್ಲಿತ್ರಿ? ಸುತ್ತಿಗಿಲೆ ಬಡದ್ರ ಅದು ಮುರೀತೈತೇನ್ರಿ? ಇಡೀದು ಇಳಸಬೇಕಂದ್ರ ಬುರುಜಿನಿಂದ ಹೆಂಗ ಇಳಸ್ತೀರಿ?"

ಹತ್ತಿಸುವಾಗ ಆನೆ, ನೂರಾರು ಎತ್ತು ಕಟ್ಟಿದ್ದರಂತೆ ಅಂದೆ. ಪರಾಂಡದ ಕೋಟೆಯಿಂದ ಎಳೆದು ತಂದಿದ್ದು ಅಂತ ಸೇರಿಸಿದೆ.

"ನೂರಾರು ಎತ್ತಿಗೆ ಒಂದ ದಿನದ ಮೇವು ಲೆಕ್ಕಾ ಹಾಕ್ರಿ ಸರ. ನೂರಾ ಐವತ್ತು ರೂಪಾಯಿ ಕಮ್ಮಿ ಅಲ್ಲ. ಅದನ್ನ ಕೂಗಿದವ ಶಾಣ್ಯಾ ಅದಾನ. ನಾ ಆಗಿದ್ರ ನೂರಕ್ಕ ನಿಂದರಿಸತಿದ್ದೆ."

ಎಷ್ಟೋ ಮದುವೆ, ಎಷ್ಟೋ ರೈಲು ಪ್ರಯಾಣಗಳಲ್ಲಿ ಜನರ ಬಾಯಿ ತೆರೆಸಿದ ಸಂಗತಿ. ಜಗಲಿಯ ಮೇಲೆ ಹತ್ತೇ ನಿಮಿಷದಲ್ಲಿ ಅದರ ಗಾಳಿ ಇಳಿದುಹೋಯಿತು. ಬ್ರಿಟಿಷರಿಗೆ ಬುದ್ಧಿ ಇರಲಿಲ್ಲ ಅಂತ ನಗುತ್ತಿದ್ದೆನಲ್ಲ, ತೋಪನ್ನು ಕೆಳಗಿಳಿಸುವುದು ಹೇಗೆ ಅಂತ ನಾನಾದರೂ ಯೋಚಿಸಿದ್ದೆನಾ? ಆ ಹರಾಜನ್ನು ಆಮೇಲೆ ರದ್ದು ಮಾಡಿದರು, ಅದಕ್ಕೇ ತೋಪು ಇನ್ನೂ ಅಲ್ಲೇ ಇದೆ. ನಾನು ಇದನ್ನು ಯಾವಾಗಲೂ ಕೊನೆಗೆ ಹೇಳುವುದು, ಅಥವಾ ಹೇಳುವುದೇ ಇಲ್ಲ. 150 ರೂಪಾಯಿಗೆ ನಿಲ್ಲಿಸಿದರೆ ಚಪ್ಪಾಳೆ ಜಾಸ್ತಿ. ಕಾಕಾ ಮಾಡುವುದೂ ಇದನ್ನೇ ಅಂತ ಬರೆಯಲು ಕೈ ಹಿಂಜರಿಯುತ್ತಿದೆ, ಆದರೂ ಬರೆದಿದ್ದೇನೆ.

ಇಷ್ಟೆಲ್ಲ ಮಾತಿನ ನಡುವೆ ಅವನು ರದ್ದಿ ತೂಗಿ, ಟಂಟಂಗೆ ಹಾಕಿ, ದುಡ್ಡು ಎಣಿಸಿ ನನ್ನ ಕೈಗಿಟ್ಟು ಹೋಗಿದ್ದ. ಹೆಂಡತಿ ಹೊರಗೆ ಬಂದಳು. "ಎಷ್ಟ ಕಿಲೋ ಆತು?"

"ಹದಿನಾಲ್ಕು."

"ನಾ ಬೆಳಿಗ್ಗಿನ ತೂಗಿ ಇಟ್ಟಿದ್ದೆ. ಹತ್ತೊಂಬತ್ತು ಇತ್ತು." ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಏನ ಹೇಳಾಕತ್ತಿದ್ರಿ ಅವಂಗ ಅಷ್ಟೊತ್ತು?" ಅಂದಳು.

ನಾನು ತೋಪಿನ ಸುದ್ದಿ ಎತ್ತಲಿಲ್ಲ.

ಜೂನ್‌ನಲ್ಲಿ, ಮೊದಲ ಮಳೆ ಬಿದ್ದ ಮಾರನೇ ದಿನ ಅವನು ಮತ್ತೆ ಬಂದ. ಗೇಟಿನ ಹೊರಗೇ ಟಂಟಂ ನಿಲ್ಲಿಸಿ, "ಸರ, ಹೋಗಿ ನೋಡಿ ಬಂದ್ನ್ರಿ" ಅಂತ ಕೂಗಿದ. ಎಲ್ಲಿಗೆ ಅಂದರೆ ತೋಪು ನೋಡಲಿಕ್ಕೆ. ಬೆರಳಿನ ಗೆಣ್ಣಿನಿಂದ ಬಡಿದು ನೋಡಿದನಂತೆ. ಗುಡಿಯ ಘಂಟೆ ಬಡಿದಂಗೆ ಸಪ್ಪಳ ಬಂತಂತೆ, ಕಾವಲುಗಾರ ಬೈದನಂತೆ. "ಮಾಲು ಭಾರಿ ಐತ್ರಿ ಸರ, ಒಳಗ ಒಂಚೂರು ಪೊಳ್ಳಿಲ್ಲ" ಅಂದ. ಅವನ ಮುಖ ನೋಡಬೇಕಿತ್ತು ನೀವು. ನನ್ನ ಮನೆಯಿಂದ ಆ ಬುರುಜಿಗೆ ಎರಡು ಕಿಲೋಮೀಟರ್. ನಾನು ಅದನ್ನು ಒಂದು ಸಲವೂ ಬಡಿದು ನೋಡಿಲ್ಲ.

ಯಾವ ಜಾಗಕ್ಕೆ ಬಡಿದೆ, ಬಾಯಿಯ ಕಡೆಗೋ ಹಿಂದಕ್ಕೋ ಅಂತ ಕೇಳುತ್ತಾ ನಾನು ಗೇಟು ತೆಗೆದೆ. ಒಳಗಿಂದ ಹೆಂಡತಿಯ ಧ್ವನಿ ಬಂತು.

"ಮಾತು ಆಮ್ಯಾಲ. ಮೊದಲ ತಕ್ಕಡಿ ನೋಡ್ರಿ."